ಹೆಂಚಿನ ಮನೆಯ ಚೀಟಿ

ಸ್ವಯಂಸೇವಾ ಸಂಸ್ಥೆಗೆ ಸೇರಿದ ಹೊಸತರಲ್ಲಿ ಬಡವರನ್ನು ಗುರುತಿಸುವುದು ಸುಲಭದ ಕೆಲಸ ಅಂದುಕೊಂಡಿದ್ದೆ. ಪ್ರಶ್ನಾವಳಿ ಹಿಡಿದು ಮನೆಮನೆಗೆ ಹೋಗುವುದು. ಜಮೀನೆಷ್ಟು, ದನವೆಷ್ಟು, ಚಾವಣಿ ಯಾವುದು ಎಂದು ಕೇಳಿ ಅಂಕ ಕೂಡಿಸುವುದು. ಪಟ್ಟಿ ಅಚ್ಚುಕಟ್ಟಾಗಿ ಬರುತ್ತಿತ್ತು. ಊರಿನವರು ಅದನ್ನು ನೋಡಿ ಒಳಗೊಳಗೇ ನಗುತ್ತಿದ್ದರು ಅಂತ ಗೊತ್ತಾಗಲು ಎರಡು ವರ್ಷ ಹಿಡಿಯಿತು.

ಆಮೇಲೆ ಚೀಟಿ ವಿಂಗಡಿಸುವ ವಿಧಾನ ಕಲಿತೆ. ಬಾರ್ಬರಾ ಗ್ರ್ಯಾಂಡಿನ್ 1988ರಲ್ಲಿ ಇದಕ್ಕೊಂದು ಕೈಪಿಡಿ ಬರೆದಿದ್ದರು. ರಾಬರ್ಟ್ ಚೇಂಬರ್ಸ್ ಮತ್ತು ಜೊತೆಯವರು ಬೆಳೆಸಿದ, ನಾವು ಪಿಆರ್‌ಎ (ಊರಿನವರೇ ಪಾಲ್ಗೊಂಡು ಮಾಡುವ ಗ್ರಾಮ ಸಮೀಕ್ಷೆ) ಎಂದು ಕರೆಯುವ ಪದ್ಧತಿಯೊಳಗೂ ಇದು ಸೇರಿಕೊಂಡಿತು. ಒಂದೊಂದು ಮನೆಗೆ ಒಂದು ಚೀಟಿ. ಊರಿನ ಮೂರು ಗುಂಪುಗಳನ್ನು ಬೇರೆ ಬೇರೆ ಕೂರಿಸಿ, ಸ್ಥಿತಿವಂತರಿಂದ ಬಡವರವರೆಗೆ ಗುಡ್ಡೆ ಮಾಡಿ ಎನ್ನಬೇಕು. ಎಷ್ಟು ಗುಡ್ಡೆ ಅನ್ನುವುದು ಅವರಿಗೇ ಬಿಟ್ಟದ್ದು. ಚೀಟಿ ಬಿದ್ದ ಗುಡ್ಡೆಯ ಕ್ರಮಸಂಖ್ಯೆಯನ್ನು ಒಟ್ಟು ಗುಡ್ಡೆಗಳ ಸಂಖ್ಯೆಯಿಂದ ಭಾಗಿಸಿ 100ರಿಂದ ಗುಣಿಸಿದರೆ ಆ ಮನೆಯ ಅಂಕ. ಮೂರೂ ಗುಂಪಿನ ಸರಾಸರಿ ತೆಗೆದರೆ ಲೆಕ್ಕ ಮುಗಿಯಿತು. ಆದರೆ ನನಗೆ ಉಪಯೋಗಕ್ಕೆ ಬಂದದ್ದು ಅಂಕವಲ್ಲ, ಚೀಟಿ ಇಡುವಾಗಿನ ಜಗಳ.

ಒಂದು ಹೆಂಚಿನ ಮನೆ. ನಮ್ಮ ಪಟ್ಟಿಯಲ್ಲಿ ಅದು ಮಧ್ಯಮ ವರ್ಗ. ಗಂಡಸರೂ ಹಾಗೇ ಇಟ್ಟರು. ಹೆಂಗಸರ ಗುಂಪಿನಲ್ಲಿ ನಾನು ಹೆಸರು ಓದುತ್ತಿದ್ದಂತೆ ವಯಸ್ಸಾದ ಒಬ್ಬಾಕೆ ಚೀಟಿ ಕಸಿದುಕೊಂಡು ಕೊನೇ ಗುಡ್ಡೆಗೆ ಹಾಕಿದರು. “ಹೆಂಚಿದೆಯಲ್ಲಮ್ಮಾ?” ಅಂದೆ. “ಹೆಂಚು ಗಂಡ ಇದ್ದಾಗಿನದು ಮೇಡಂ. ಈಗ ರಾತ್ರೋರಾತ್ರಿ ಮಗುವಿಗೆ ಜ್ವರ ಬಂದರೆ ಅವಳು ಯಾರ ಬಾಗಿಲು ತಟ್ಟಬೇಕು, ಹೇಳಿ?” ನನ್ನ ಫಾರಂನಲ್ಲಿ ಆ ಪ್ರಶ್ನೆಗೆ ಕಾಲಂ ಇರಲಿಲ್ಲ. ಗಂಡಸರ ಗುಂಪನ್ನೂ ಹೆಂಗಸರ ಗುಂಪನ್ನೂ ಒಟ್ಟಿಗೆ ಕೂರಿಸಿದ್ದರೆ ಆಕೆ ಬಾಯಿ ಬಿಡುತ್ತಲೂ ಇರಲಿಲ್ಲ.

ಮುಂದಿನದು ನಮ್ಮದೇ ಎಡವಟ್ಟು. ನಾವು ಹೊಲಿಗೆ ತರಬೇತಿ ಎಂದು ಮೊದಲೇ ತೀರ್ಮಾನಿಸಿಕೊಂಡು ಹೋಗಿದ್ದೆವು. ಹೆಂಗಸರು ಕೇಳಿದ್ದು, ಕೂಲಿಗೆ ಹೋದಾಗ ಚಿಕ್ಕ ಮಕ್ಕಳನ್ನು ಬಿಟ್ಟುಹೋಗಲು ಒಂದು ಜಾಗ, ನೋಡಿಕೊಳ್ಳಲು ಒಬ್ಬರು. ಹಣ ಕೊಡುವವರ ಬಜೆಟ್‌ನಲ್ಲಿ ಅಂಥ ಲೆಕ್ಕಶೀರ್ಷಿಕೆಯೇ ಇಲ್ಲ. ಯಂತ್ರಗಳು ಬಂದವು, ಉದ್ಘಾಟನೆಯಾಯಿತು, ಫೋಟೊ ವರದಿ ಸೇರಿತು. ಮಗುವನ್ನು ಸೊಂಟಕ್ಕೆ ಹೊತ್ತು ತರಬೇತಿಗೆ ಬಂದವರು ಮೂರನೇ ವಾರಕ್ಕೆ ನಿಂತರು. ಶೆರ್ರಿ ಆರ್ನ್‌ಸ್ಟೈನ್ 1969ರಲ್ಲೇ ಜನರ ಪಾಲ್ಗೊಳ್ಳುವಿಕೆಯನ್ನು 8 ಮೆಟ್ಟಿಲ ಏಣಿಯಾಗಿ ವಿವರಿಸಿದ್ದರು. ಅದರಲ್ಲಿ ಅಭಿಪ್ರಾಯ ಕೇಳುವುದು ಬರೀ 4ನೆಯ ಮೆಟ್ಟಿಲು; ಕೊನೆಯದರಲ್ಲಿ ಅಧಿಕಾರ ಜನರ ಕೈಯಲ್ಲೇ ಇರುತ್ತದೆ. ನಾವು 4ರಲ್ಲಿ ನಿಂತುಕೊಂಡೇ ವರದಿಯಲ್ಲಿ 8ನ್ನು ಬರೆಯುತ್ತಿದ್ದೆವು. ಈ ಕ್ಷೇತ್ರದಲ್ಲಿ ಇದು ಅಪರೂಪವೇನಲ್ಲ.

ಬಜೆಟ್ಟಿನ ಆ ಲೆಕ್ಕಶೀರ್ಷಿಕೆ ಬದಲಿಸಲು ಆರು ತಿಂಗಳು ಪತ್ರ ಬರೆದೆ. ಕೊನೆಗೆ ಒಪ್ಪಿಗೆ ಸಿಕ್ಕಿತು. ಮಕ್ಕಳನ್ನು ಯಾರು ನೋಡಿಕೊಳ್ಳಬೇಕು, ಸಂಬಳ ಎಷ್ಟು ಎಂಬುದನ್ನು ಹೆಂಗಸರ ಸಂಘವೇ ನಿರ್ಧರಿಸಿತು. ನಾನಾಗಿದ್ದರೆ ಓದಿದ ಹುಡುಗಿಯನ್ನು ಆರಿಸುತ್ತಿದ್ದೆ. ಅವರು ಆರಿಸಿದ್ದು ಹೆಂಚಿನ ಮನೆಯವಳನ್ನು.

ಖರ್ಚಿನ ಲೆಕ್ಕವನ್ನು ಮಕ್ಕಳನ್ನು ನೋಡಿಕೊಳ್ಳುವ ಕೋಣೆಯ ಗೋಡೆಗೇ ಬರೆಯಬೇಕೆಂಬುದು ಸಂಘದ ಷರತ್ತು. ಸಂಸ್ಥೆಯ ಖರ್ಚೂ ಸೇರಿ. ನನಗೆ ಇರುಸುಮುರುಸಾಯಿತು, ಸುಳ್ಳೇಕೆ ಹೇಳಲಿ. ಆದರೂ ಸುಣ್ಣದ ಗೋಡೆಯ ಮೇಲೆ ಇದ್ದಿಲಿನಿಂದ ಬರೆದೆವು: ಆಟಿಕೆ, ಚಾಪೆ, ಸಂಬಳ, ಜೀಪಿನ ಡೀಸೆಲ್. ಹೆಂಚಿನ ಮನೆಯವಳು ಮಗುವೊಂದನ್ನು ಎತ್ತಿಕೊಂಡೇ ಬಂದು ಕೊನೆಯ ಸಾಲಿನ ಮುಂದೆ ನಿಂತಳು. “ಡೀಸೆಲ್ ನನ್ನ ಸಂಬಳಕ್ಕಿಂತ ಜಾಸ್ತಿ ಇದೆಯಲ್ಲ ಮೇಡಂ?”

ಮುಂದಿನ ತಿಂಗಳಿನಿಂದ ನಾನು ಬಸ್ಸಿನಲ್ಲಿ ಹೋಗತೊಡಗಿದೆ.