ಗೆರೆ ಮೂಡಿತೆಂದು ಅಂದೇ ಗೋಧಿ ಬಿಡಬೇಡಿ: ಸೀಲಿಯಾಕ್ ಸ್ಟ್ರಿಪ್ ಮಾಡಿದ ನನ್ನ ಅನುಭವ

ಸೀಲಿಯಾಕ್ ಕಾಯಿಲೆ ಇರುವವರು ಗೋಧಿ, ಬಾರ್ಲಿ, ರೈ ತಿಂದರೆ ಅದರಲ್ಲಿರುವ ಗ್ಲುಟೆನ್ ವಿರುದ್ಧ ಅವರ ದೇಹದ ರಕ್ಷಣಾ ವ್ಯವಸ್ಥೆ ತಿರುಗಿಬೀಳುತ್ತದೆ. ಸಣ್ಣ ಕರುಳಿನ ಒಳಪದರ ಹಾಳಾಗುತ್ತದೆ. ಜಗತ್ತಿನಲ್ಲಿ ಹತ್ತಿರ ಹತ್ತಿರ 100ರಲ್ಲಿ ಒಬ್ಬರಿಗೆ ಇದು ಇದೆ. ಅವರಲ್ಲಿ ಬಹಳಷ್ಟು ಜನರಿಗೆ ಅದು ಗೊತ್ತೇ ಇಲ್ಲ. ಹೊಟ್ಟೆನೋವು, ಭೇದಿ ಏನೂ ಇಲ್ಲದೆಯೂ ಬರಬಹುದು. ಕೆಲವರಲ್ಲಿ ಕಬ್ಬಿಣದ ಮಾತ್ರೆಗೆ ಬಗ್ಗದ ರಕ್ತಹೀನತೆಯೊಂದೇ ಸುಳಿವು. ಅಂಥವರನ್ನು ಡಾಕ್ಟರ ಕೋಣೆಯಲ್ಲೇ, ಬೆರಳ ತುದಿಯ ರಕ್ತದಿಂದ ಗುರುತಿಸುವ ಸ್ಟ್ರಿಪ್ ಮಾಡಬೇಕೆಂದು ನಮ್ಮ ತಂಡ ಹೊರಟಿತು.

ಏನನ್ನು ಹುಡುಕಬೇಕು ಎನ್ನುವುದು ಮೊದಲೇ ಗೊತ್ತಿತ್ತು. ಈ ಕಾಯಿಲೆಯಲ್ಲಿ ದೇಹವು ಟಿಶ್ಯೂ ಟ್ರಾನ್ಸ್‌ಗ್ಲುಟಮಿನೇಸ್ ಎಂಬ ತನ್ನದೇ ಕಿಣ್ವದ ವಿರುದ್ಧ ಆಂಟಿಬಾಡಿ ತಯಾರಿಸುತ್ತದೆ ಎಂದು 1997ರಲ್ಲಿ ಪತ್ತೆಯಾಯಿತು. ಆ ಕಿಣ್ವವನ್ನು ಚಿಕ್ಕದಾಗಿ ಟಿಟಿಜಿ ಅನ್ನುತ್ತೇವೆ. ಆಂಟಿಬಾಡಿಗಳಲ್ಲಿ ಹಲವು ವರ್ಗಗಳಿವೆ, ಲ್ಯಾಬ್‌ಗಳು ಐಜಿಎ ಎಂಬ ವರ್ಗದ ಟಿಟಿಜಿ ಆಂಟಿಬಾಡಿ ಅಳೆಯುತ್ತವೆ. ಶುರುವಿನ ಕಾಲದ ಪರೀಕ್ಷೆಗಳಲ್ಲಿ ಗಿನಿಪಿಗ್ ಯಕೃತ್ತಿನ ಕಿಣ್ವ ಬಳಸುತ್ತಿದ್ದರು, ಅದರಿಂದ ಸುಳ್ಳು ಪಾಸಿಟಿವ್ ಜಾಸ್ತಿ ಬರುತ್ತಿತ್ತು. ನಾವು ಮಾನವ ಜೀನ್‌ನಿಂದ ತಯಾರಿಸಿದ ಟಿಟಿಜಿಯನ್ನೇ ಆರಿಸಿಕೊಂಡೆವು.

ನಿಜವಾದ ತೊಡಕು ಬೇರೆ ಕಡೆ ಇತ್ತು. ಆರೋಗ್ಯವಂತ ದೊಡ್ಡವರ ಒಂದು ಲೀಟರ್ ಸೀರಮ್‌ನಲ್ಲಿ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ದ್ರವ) ಸುಮಾರು 0.7ರಿಂದ 4 ಗ್ರಾಂ ಐಜಿಎ ಇರುತ್ತದೆ. ಅದರಲ್ಲಿ ನಮಗೆ ಬೇಕಾದ ಟಿಟಿಜಿ ಆಂಟಿಬಾಡಿ ತೀರಾ ಸಣ್ಣ ಪಾಲು. ಸ್ಟ್ರಿಪ್‌ನಲ್ಲಿ ಬಣ್ಣ ಕೊಡುವುದು ಚಿನ್ನದ ನ್ಯಾನೋ ಕಣಗಳು. ಅವಕ್ಕೆ ಐಜಿಎ ಹಿಡಿಯುವ ಆಂಟಿಬಾಡಿ ಅಂಟಿಸಿರುತ್ತೇವೆ. ರಕ್ತ ಮತ್ತು ಕಣಗಳು ಒಟ್ಟಿಗೆ ಹರಿದರೆ, ಕೆಲಸಕ್ಕೆ ಬಾರದ ಐಜಿಎ ಎಲ್ಲಾ ಕಣಗಳನ್ನು ಮೊದಲೇ ಆವರಿಸಿಕೊಳ್ಳುತ್ತದೆ. ಪರೀಕ್ಷಾ ಗೆರೆಗೆ ಬಣ್ಣವೇ ಸಿಗುವುದಿಲ್ಲ. ರಕ್ತವನ್ನು ತುಂಬಾ ತೆಳು ಮಾಡಿದರೆ ಈ ಕಾಟ ಕಡಿಮೆಯಾಗುತ್ತದೆ, ಆದರೆ ಆಂಟಿಬಾಡಿ ಸ್ವಲ್ಪವೇ ಇರುವ ರೋಗಿಗಳು ಕೈತಪ್ಪುತ್ತಾರೆ.

ಹಾಗಾಗಿ ಎರಡು ಹಂತದ ದಾರಿ ಹಿಡಿದೆವು. ಮೊದಲು ರಕ್ತ ಹರಿಯಬೇಕು. ಟಿಟಿಜಿ ಲೇಪಿಸಿದ ಗೆರೆ ತನಗೆ ಬೇಕಾದ ಆಂಟಿಬಾಡಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಆಮೇಲೆ ದ್ರಾವಣ ಹಾಕಿದರೆ ಉಳಿದ ಐಜಿಎ ತೊಳೆದುಹೋಗುತ್ತದೆ. ಚಿನ್ನದ ಕಣ ಬರುವುದು ಕೊನೆಗೆ. ಬಳಸುವವರಿಗೆ ಒಂದು ಕೆಲಸ ಹೆಚ್ಚಾಯಿತು, ನಿಜ. ಆದರೆ ಇನ್ನೊಂದು ದೊಡ್ಡ ಲಾಭವಾಯಿತು. ಅದೇ ಕಣಗಳಿಂದ ಒಟ್ಟು ಐಜಿಎ ತೋರಿಸುವ ಎರಡನೇ ಗೆರೆಯನ್ನೂ ಹಾಕಲು ಸಾಧ್ಯವಾಯಿತು.

ಈ ಎರಡನೇ ಗೆರೆ ಇಲ್ಲದ ಸೀಲಿಯಾಕ್ ಸ್ಟ್ರಿಪ್ ಅನ್ನು ನಾನು ನಂಬುವುದಿಲ್ಲ. ಸೀಲಿಯಾಕ್ ಇರುವವರಲ್ಲಿ 2–3 ಶೇಕಡಾ ಜನರಿಗೆ ಐಜಿಎ ಕೊರತೆ ಇರುತ್ತದೆ. ಅವರ ರಕ್ತ ಐಜಿಎ ಪರೀಕ್ಷೆಯಲ್ಲಿ ಸಾಮಾನ್ಯವಾಗಿ ನೆಗೆಟಿವ್ವೇ. ಐಜಿಎ ಗೆರೆ ಮೂಡದಿದ್ದರೆ ನಮ್ಮ ಉಪಕರಣ ನೆಗೆಟಿವ್ ಅನ್ನುವುದಿಲ್ಲ. ‘ಐಜಿಜಿ ಪರೀಕ್ಷೆ ಮಾಡಿಸಿ’ ಅನ್ನುತ್ತದೆ. ಐಜಿಜಿ ಅಂದರೆ ಆಂಟಿಬಾಡಿಯ ಇನ್ನೊಂದು ವರ್ಗ.

ರಕ್ತಹೀನತೆಯ ಲೆಕ್ಕವೂ ಹಾಗೆಯೇ ಮುಖ್ಯ. ಆಂಟಿಬಾಡಿ ಇರುವುದು ರಕ್ತದ ದ್ರವ ಭಾಗವಾದ ಪ್ಲಾಸ್ಮಾದಲ್ಲಿ. ರಕ್ತಕಣಗಳು 45 ಶೇಕಡಾ ಇದ್ದರೆ ಪ್ಲಾಸ್ಮಾ 55. ಕಣಗಳು 25ಕ್ಕೆ ಇಳಿದರೆ ಪ್ಲಾಸ್ಮಾ 75. ಅಂದರೆ ಅಷ್ಟೇ ರಕ್ತದಲ್ಲಿ ಮೊದಲಿನ ಪ್ಲಾಸ್ಮಾದ ಮೂರನೇ ಒಂದು ಭಾಗಕ್ಕಿಂತಲೂ ಹೆಚ್ಚು ಪ್ಲಾಸ್ಮಾ ಹೆಚ್ಚುವರಿಯಾಗಿ ಸ್ಟ್ರಿಪ್‌ಗೆ ಹೋಗುತ್ತದೆ. ಬೇರೆ ಕಾಯಿಲೆಯ ಪರೀಕ್ಷೆಯಾಗಿದ್ದರೆ ಇದನ್ನು ಬದಿಗಿಡಬಹುದಿತ್ತೋ ಏನೋ. ಇಲ್ಲಿ ಪರೀಕ್ಷೆಗೆ ಬರುವವರಲ್ಲೇ ರಕ್ತಹೀನರು ಜಾಸ್ತಿ ಅಲ್ವಾ? ಅದಕ್ಕೆ ಹಿಮೋಗ್ಲೋಬಿನ್ ಸಂಖ್ಯೆ ಕೊಟ್ಟರೆ ಗೆರೆ ಓದುವ ಯಂತ್ರ ತಾನೇ ಸರಿಹೊಂದಿಸುವಂತೆ ಮಾಡಿದೆವು.

ಯಂತ್ರ ಯಾಕೆ, ಕಣ್ಣಲ್ಲೇ ನೋಡಬಾರದೇ ಎಂದು ಕೇಳುವವರಿದ್ದಾರೆ. ದಟ್ಟ ಗೆರೆಗೆ ಕಣ್ಣು ಸಾಕು. ಮಸುಕು ಗೆರೆಯನ್ನು ಒಬ್ಬರು ಇದೆ ಅಂದರೆ ಪಕ್ಕದವರು ಇಲ್ಲ ಅನ್ನುತ್ತಾರೆ. ಫೋನ್ ಕ್ಯಾಮೆರಾ ತನ್ನಷ್ಟಕ್ಕೆ ಬೆಳಕು ಹೊಂದಿಸಿಕೊಳ್ಳುವುದರಿಂದ ಅದನ್ನೂ ಬಿಟ್ಟು, ಸ್ಥಿರ ಬೆಳಕಿನ ಸಣ್ಣ ಪೆಟ್ಟಿಗೆ ಮಾಡಿದೆವು.

ಇದನ್ನು ಸಿಕ್ಕವರಿಗೆಲ್ಲ ಮಾಡಬಹುದೇ? ಬೇಡ ಅನ್ನುತ್ತೇನೆ. ಲೆಕ್ಕ ನೋಡಿ. ರೋಗ ಇರುವವರಲ್ಲಿ 95 ಶೇಕಡಾ ಜನರನ್ನು ಹಿಡಿಯುವ, ಇಲ್ಲದವರಲ್ಲಿ 95 ಶೇಕಡಾ ಜನರಿಗೆ ನೆಗೆಟಿವ್ ಕೊಡುವ ಪರೀಕ್ಷೆ ಎಂದುಕೊಳ್ಳಿ. 10,000 ಜನರಲ್ಲಿ ರೋಗ ಇರುವವರು 100. ಅವರಲ್ಲಿ 95 ಮಂದಿ ಪಾಸಿಟಿವ್. ಇಲ್ಲದ 9,900ರಲ್ಲಿ 495 ಮಂದಿಯೂ ಪಾಸಿಟಿವ್. ಅಂದರೆ ಪಾಸಿಟಿವ್ ಬಂದ ಆರು ಜನರಲ್ಲಿ ಐವರಿಗೆ ಕಾಯಿಲೆಯೇ ಇಲ್ಲ. ಅದೇ ಪರೀಕ್ಷೆಯನ್ನು 10ರಲ್ಲಿ ಒಬ್ಬರಿಗೆ ರೋಗ ಇರುವ ಗುಂಪಿನಲ್ಲಿ ಮಾಡಿದರೆ ಪಾಸಿಟಿವ್‌ಗಳಲ್ಲಿ ಮೂರನೇ ಎರಡು ಭಾಗ ನಿಜವಾಗಿರುತ್ತದೆ. ಲಕ್ಷಣ ಇರುವವರು, ರೋಗಿಯ ಒಡಹುಟ್ಟಿದವರು ಮತ್ತು ಮಕ್ಕಳು, ಟೈಪ್ 1 ಮಧುಮೇಹ ಇರುವವರು: ಇವರಿಗಾಗಿಯೇ ಈ ಸ್ಟ್ರಿಪ್.

ಪಾಸಿಟಿವ್ ಬಂದವರು ಹೆದರಿ ಅಂದಿನಿಂದಲೇ ಗೋಧಿ ಬಿಡುತ್ತಾರೆ. ಸಹಜವೇ. ಆದರೆ ಗ್ಲುಟೆನ್ ಬಿಟ್ಟರೆ ಆಂಟಿಬಾಡಿ ಇಳಿಯುತ್ತದೆ, ಕರುಳು ಚೇತರಿಸಿಕೊಳ್ಳಲು ಶುರುಮಾಡುತ್ತದೆ. ಆಮೇಲೆ ಮಾಡುವ ಲ್ಯಾಬ್ ಪರೀಕ್ಷೆ, ಕರುಳಿನ ಸಣ್ಣ ತುಣುಕು ತೆಗೆದು ನೋಡುವ ಬಯಾಪ್ಸಿ ಗೊಂದಲ ಹುಟ್ಟಿಸುತ್ತವೆ. ಜೀವನಪೂರ್ತಿ ಪಥ್ಯ ಮಾಡಬೇಕಾದವರಿಗೆ ಅರ್ಧಂಬರ್ಧ ಉತ್ತರ ಕೊಡುವುದು ಅನ್ಯಾಯ. ಹಾಗಾಗಿ ಫಲಿತಾಂಶದ ಹಾಳೆಯ ಮೊದಲ ಸಾಲೇ ‘ಖಚಿತವಾಗುವವರೆಗೆ ಊಟ ಬದಲಿಸಬೇಡಿ’ ಎಂದು ಹಾಕಿಸಿದೆವು. ಯುರೋಪಿನ ಮಕ್ಕಳ ತಜ್ಞರ 2020ರ ಮಾರ್ಗಸೂಚಿಯ ಪ್ರಕಾರ, ಟಿಟಿಜಿ ಐಜಿಎ ಸಾಮಾನ್ಯ ಮಿತಿಗಿಂತ 10 ಪಟ್ಟು ಅಥವಾ ಹೆಚ್ಚಿದ್ದು, ಎರಡನೇ ರಕ್ತದ ಮಾದರಿಯಲ್ಲಿ ಎಂಡೋಮೈಸಿಯಲ್ ಎಂಬ ಇನ್ನೊಂದು ಆಂಟಿಬಾಡಿಯೂ ಪಾಸಿಟಿವ್ ಬಂದರೆ, ಮಕ್ಕಳಿಗೆ ಬಯಾಪ್ಸಿ ಇಲ್ಲದೆಯೇ ಕಾಯಿಲೆ ಖಚಿತಪಡಿಸಬಹುದು. ಆ 10 ಪಟ್ಟನ್ನು ನಮ್ಮ ಸ್ಟ್ರಿಪ್ ಹೇಳಲಾರದು. ಆಂಟಿಬಾಡಿ ಅಷ್ಟು ಮಟ್ಟಕ್ಕೆ ಏರುವ ಮೊದಲೇ ಗೆರೆಯ ಬಣ್ಣ ಇನ್ನು ಹೆಚ್ಚಾಗದಷ್ಟು ದಟ್ಟವಾಗಿಬಿಟ್ಟಿರುತ್ತದೆ. ಅಲ್ಲಿ ಲ್ಯಾಬ್ ಬೇಕೇ ಬೇಕು.

ಪಥ್ಯ ಶುರುವಾದ ಮೇಲೆ ಈ ಸ್ಟ್ರಿಪ್‌ನಿಂದ ಹೆಚ್ಚು ಪ್ರಯೋಜನವಿಲ್ಲ. ಆಂಟಿಬಾಡಿ ಇಳಿಯುವುದಕ್ಕೆ ತಿಂಗಳುಗಳು ಬೇಕು. ನಿನ್ನೆ ಹೊಟ್ಟೆಗೆ ಹೋದ ಗ್ಲುಟೆನ್ ಅದರಲ್ಲಿ ಕಾಣುವುದಿಲ್ಲ. ಅದಕ್ಕೆ ಬೇರೆಯದೇ ಮೂತ್ರದ ಸ್ಟ್ರಿಪ್ ಮಾಡಿದೆವು. ಗ್ಲುಟೆನ್‌ನ ಕೆಲವು ತುಣುಕುಗಳು ಜೀರ್ಣವಾಗದೆ ಉಳಿದು, ತಿಂದ ಕೆಲವು ಗಂಟೆಗಳ ನಂತರ ಮೂತ್ರದಲ್ಲಿ ಕಾಣಿಸುತ್ತವೆ. ನೀರು ಜಾಸ್ತಿ ಕುಡಿದಿದ್ದರೆ ತೆಳುವಾಗಿ ತಪ್ಪಿಸಿಕೊಳ್ಳಬಹುದು. ಒಂದು ಸಲ ನೆಗೆಟಿವ್ ಬಂದಿತೆಂದು ಪಥ್ಯ ಸರಿಯಿದೆ ಎನ್ನಲಾಗದು.

ಮೂತ್ರದ ಸ್ಟ್ರಿಪ್ ಪಾಸಿಟಿವ್ ಬಂದಾಗ ಮಕ್ಕಳು ಬೈಗುಳ ತಿನ್ನುವುದನ್ನು ನೋಡಿ ನನಗೆ ತುಂಬಾ ಸಂಕಟವಾಗುತ್ತಿತ್ತು. ಎಷ್ಟೋ ಸಲ ಅದು ಮಗು ಕದ್ದು ತಿಂದದ್ದಲ್ಲ. ಒಂದೇ ಪಾತ್ರೆ, ಒಂದೇ ಹಿಟ್ಟಿನ ಗಿರಣಿಯಿಂದಲೂ ಗ್ಲುಟೆನ್ ಸೇರುತ್ತದೆ. ಈಗ ಮೂತ್ರದ ಸ್ಟ್ರಿಪ್‌ನ ಫಲಿತಾಂಶದ ಹಾಳೆಯಲ್ಲಿ ‘ಪಥ್ಯ ತಪ್ಪಿದ್ದಾರೆ’ ಎಂಬ ಅರ್ಥ ಬರುವ ಮಾತೇ ಇಲ್ಲ. ಹಿಂದಿನ ದಿನ ಬಳಸಿದ ಹಿಟ್ಟು, ಪಾತ್ರೆ, ಔಷಧಿ, ಹೊರಗಿನ ತಿಂಡಿ ಬರೆದುಕೊಳ್ಳಲು ಜಾಗ ಬಿಟ್ಟಿದ್ದೇವೆ. ಆಹಾರ ತಜ್ಞರು ಅದನ್ನು ಮಗುವಿನ ಜೊತೆ ಕೂತು ನೋಡುತ್ತಾರೆ.