ಉಪ್ಪುನೀರಿನ ಟ್ಯಾಂಕಿನ ಕೂದಲು ಪಾಚಿ: ನಾನು ಹತೋಟಿಗೆ ತಂದ ಬಗೆ

ರೀಫ್ ಟ್ಯಾಂಕಿಗೆ, ಅಂದರೆ ಹವಳ ಸಾಕುವ ಉಪ್ಪುನೀರಿನ ಟ್ಯಾಂಕಿಗೆ, ಪಾಚಿ ಹಿಡಿದರೆ ಎಲ್ಲರೂ ಮೊದಲು ಕೇಳುವುದು "ಯಾವ ಔಷಧಿ ಹಾಕಲಿ?" ಅಂತ. ನಾನು ಔಷಧಿ ಹಾಕಲಿಲ್ಲ. ನನ್ನದು ಬೆಂಗಳೂರಿನ ಮನೆಯಲ್ಲಿರುವ ಸುಮಾರು 200 ಲೀಟರಿನ ಟ್ಯಾಂಕ್. ಒಂದು ಜೋಡಿ ಕ್ಲೌನ್‌ಫಿಶ್, ಜೊತೆಗೆ ಮೆತ್ತನೆಯ ಮೈಯ ಹವಳಗಳಾದ ಝೋವಾಗಳು, ಮಶ್ರೂಮ್, ಒಂದು ಲೆದರ್ ಹವಳ ಇವೆ. ಕಲ್ಲುಹವಳ ಇಟ್ಟಿಲ್ಲ. ನಮ್ಮ ಸಮುದ್ರದ ಕಲ್ಲುಹವಳ, ಬೀಸಣಿಗೆಯಂಥ ಸೀ ಫ್ಯಾನ್ ಹವಳ ಎಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಶೆಡ್ಯೂಲಿನಲ್ಲಿವೆ, ಹುಲಿಯ ಜೊತೆಗೇ. ಯಾರಾದರೂ ಅಗ್ಗಕ್ಕೆ ಕೊಡುತ್ತೇನೆ ಅಂದರೂ ಬೇಡ ಅಂದುಬಿಡಿ.

ಕಲ್ಲಿನ ಮೇಲೆಲ್ಲ ಬೆರಳುದ್ದ ಹಸಿರು ಕೂದಲು ಬೆಳೆದಿತ್ತು. ಝೋವಾಗಳು ಅದರ ನಡುವೆ ಮುದುಡಿಕೊಂಡು ಕೂತಿದ್ದವು. ಪಾಚಿಗೆ ಫಾಸ್ಫೇಟ್, ನೈಟ್ರೇಟ್ ಗೊಬ್ಬರ ಇದ್ದ ಹಾಗೆ. ಆದರೆ ಫಾಸ್ಫೇಟ್ ಟೆಸ್ಟ್ ಮಾಡಿದರೆ ಸೊನ್ನೆ! ಎಷ್ಟೋ ಜನ ಗೊಂದಲಕ್ಕೆ ಬೀಳುವುದು ಇಲ್ಲೇ. ಸೊನ್ನೆ ಅಂದರೆ ಟ್ಯಾಂಕಿಗೆ ಫಾಸ್ಫೇಟ್ ಬರುತ್ತಿಲ್ಲ ಅಂತಲ್ಲ. ಬಂದದ್ದನ್ನು ಬಂದ ಹಾಗೇ ಪಾಚಿ ಖಾಲಿ ಮಾಡುತ್ತಿದೆ ಅಂತ. ಕಿಟ್ ತೋರಿಸುವುದು ಅದು ತಿಂದು ಮಿಕ್ಕಿದ್ದನ್ನು ಮಾತ್ರ. ಹಾಗಾಗಿ ಅಂಕಿ ಪಕ್ಕಕ್ಕಿಟ್ಟು, ಟ್ಯಾಂಕಿನ ಒಳಗೆ ಏನು ಬರುತ್ತಿದೆ, ಹೊರಗೆ ಏನು ಹೋಗುತ್ತಿದೆ ಅಂತ ನೋಡಲು ಶುರು ಮಾಡಿದೆ.

ಮೊದಲು ನೀರು. ನಮ್ಮ ಬೋರ್‌ವೆಲ್ ನೀರಿನಲ್ಲಿ ನೈಟ್ರೇಟ್, ಸಿಲಿಕೇಟ್ ಇರುವುದು ಮಾಮೂಲು. ಅಡುಗೆಮನೆಯ ಆರ್‌ಒ ಇದೆಯಲ್ಲ ಅನ್ನಬೇಡಿ. ಕುಡಿಯೋಕೆ ರುಚಿಯಾಗಿರಲಿ ಅಂತ ಎಷ್ಟೋ ಮಾಡೆಲ್‌ಗಳು ಶುದ್ಧವಾದ ನೀರಿಗೆ ಸ್ವಲ್ಪ ಹಳೇ ನೀರನ್ನು ವಾಪಸ್ ಬೆರೆಸುತ್ತವೆ, ಇಲ್ಲವೇ ಮಿನರಲ್ ಸೇರಿಸುತ್ತವೆ. ನೀರಿನಲ್ಲಿ ಕರಗಿದ ಲವಣ ಎಷ್ಟಿದೆ ಅಂತ ತೋರಿಸುವ ಟಿಡಿಎಸ್ ಮೀಟರ್ ಇಟ್ಟು ನೋಡಿ, ಗೊತ್ತಾಗುತ್ತದೆ. ನಮಗೆ ಬೇಕಾದದ್ದು ಸೊನ್ನೆ ಟಿಡಿಎಸ್. ಅದಕ್ಕೆ ಆರ್‌ಒ ಆದಮೇಲೆ ಉಳಿದ ಲವಣವನ್ನೂ ಹಿಡಿದಿಡುವ ಡಿಐ ರೆಸಿನ್ ಬೇಕೇ ಬೇಕು. ಮೀಟರಿನಲ್ಲಿ 1 ಕಂಡ ದಿನವೇ ನಾನು ರೆಸಿನ್ ಬದಲಾಯಿಸುತ್ತೇನೆ.

ಇಷ್ಟು ಹಠ ಯಾಕೆ ಅಂದರೆ, ಬೇಸಿಗೆಯಲ್ಲಿ ಫ್ಯಾನ್ ಹಾಕಿ ಟ್ಯಾಂಕ್ ತಂಪು ಮಾಡುವಾಗ ದಿನಕ್ಕೆ ನಾಲ್ಕು ಲೀಟರ್ ಆವಿಯಾದರೂ ತಿಂಗಳಿಗೆ 120 ಲೀಟರ್ ತುಂಬಿದ ಹಾಗಾಯಿತು. ಆವಿಯಾಗುವುದು ನೀರು ಮಾತ್ರ. ಅದರಲ್ಲಿದ್ದದ್ದೆಲ್ಲ ಟ್ಯಾಂಕಿನಲ್ಲೇ ಉಳಿಯುತ್ತದೆ. ವಾರಕ್ಕೊಮ್ಮೆ ನೀರು ಬದಲಾಯಿಸುತ್ತೇನಲ್ಲ ಅನ್ನುತ್ತಾರೆ. ಶೇಕಡಾ 10 ನೀರು ಬದಲಾಯಿಸಿದರೆ ಹೋಗುವುದೂ ಶೇಕಡಾ 10 ನೈಟ್ರೇಟ್ ಅಷ್ಟೇ.

ಆಮೇಲೆ ಊಟ. ಮೀನಿಗೆ ಹಾಕುವ ಫ್ರೋಜನ್ ಮೈಸಿಸ್ (ಪುಟ್ಟ ಸೀಗಡಿಯಂಥ ಜೀವಿ) ಕರಗಿದ ನೀರನ್ನು ಬಸಿದು ಚೆಲ್ಲಿ ಅಂತ ಎಲ್ಲರೂ ಹೇಳುತ್ತಾರೆ. ನಾನೂ ಚೆಲ್ಲುತ್ತೇನೆ. ಆದರೆ ಅದರಿಂದ ಅಂಥಾ ದೊಡ್ಡ ಲಾಭವೇನಿಲ್ಲ. ಎಷ್ಟು ಹಾಕುತ್ತೀರಿ ಅನ್ನುವುದೇ ಮುಖ್ಯ. ಕ್ಲೌನ್‌ಫಿಶ್ ಯಾರು ಬಂದರೂ ಗಾಜಿನ ಹತ್ತಿರ ಬಂದು ಕುಣಿಯುತ್ತದೆ. "ಪಾಪ, ಹಸಿದಿವೆ ಕಣೋ" ಅಂತ ಅಮ್ಮ ಇನ್ನೊಂದು ಚಿಟಿಕೆ ಹಾಕುತ್ತಿದ್ದರು. ಈಗ ಬೆಳಿಗ್ಗೆಯೇ ಆ ದಿನದ ಪಾಲನ್ನು ಒಂದು ಪುಟ್ಟ ಡಬ್ಬಿಗೆ ಹಾಕಿಟ್ಟಿರುತ್ತೇನೆ. ಅಮ್ಮನೇ ಹಾಕುತ್ತಾರೆ, ಡಬ್ಬಿ ಖಾಲಿಯಾದರೆ ಮುಗಿಯಿತು.

ಇನ್ನು ಬೆಳೆದು ನಿಂತ ಪಾಚಿ. ಅದನ್ನು ಕೈಯಲ್ಲೇ ತೆಗೆಯಬೇಕು, ಬೇರೆ ದಾರಿ ಇಲ್ಲ. ಕಲ್ಲನ್ನು ಎತ್ತಿ ಟ್ಯಾಂಕಿನದೇ ನೀರು ತುಂಬಿದ ಬಕೆಟ್‌ಗೆ ಹಾಕುತ್ತಿದ್ದೆ. ಗಟ್ಟಿ ಎಳೆಯ ಹಲ್ಲುಜ್ಜುವ ಬ್ರಷ್ಷನ್ನು ಪಾಚಿಗೆ ಚುಚ್ಚಿ ಒಂದೇ ದಿಕ್ಕಿಗೆ ತಿರುಗಿಸಿದರೆ ಬ್ರಷ್ಷಿಗೇ ಸುತ್ತಿಕೊಂಡು ಬುಡಸಮೇತ ಬರುತ್ತದೆ. ಸುಮ್ನೆ ಉಜ್ಜಿದರೆ ತುಂಡುತುಂಡಾಗುತ್ತದೆ, ಆ ತುಂಡುಗಳು ಟ್ಯಾಂಕಿಗೆ ಹೋದರೆ ಬೇರೆ ಕಡೆ ಕೂತು ಬೆಳೆಯುತ್ತವೆ. ಅಲುಗಾಡಿಸಲಾಗದ ಕಲ್ಲಿಗೆ ಒಂದು ಕೈಯಲ್ಲಿ ಬ್ರಷ್, ಇನ್ನೊಂದರಲ್ಲಿ ಸೈಫನ್ ಪೈಪ್.

ಕೈಯಲ್ಲಿ ಕಿತ್ತು ಉಳಿದ ಗಿಡ್ಡ ಪಾಚಿಗೆ ಟರ್ಬೋ ಬಸವನಹುಳು ತಂದೆ. ಚೆನ್ನಾಗಿ ತಿನ್ನುತ್ತವೆ, ಆದರೆ ಮರಳಿನ ಮೇಲೆ ಅಂಗಾತ ಬಿದ್ದರೆ ಏಳಲಾಗದೆ ಸಾಯುತ್ತವೆ. ಟ್ರೋಕಸ್ ಅನ್ನುವ ಬಸವನಹುಳು ತಾನೇ ಮಗುಚಿಕೊಳ್ಳುತ್ತದೆ, ನನಗೆ ಅದೇ ಇಷ್ಟ. ಇವರೆಲ್ಲರಿಗಿಂತ ಕೆಲಸಗಾರ ಅಂದರೆ ಟಕ್ಸೀಡೋ ಅರ್ಚಿನ್, ಮೈತುಂಬ ಮುಳ್ಳಿರುವ ಚೆಂಡಿನಂಥ ಸಮುದ್ರಜೀವಿ. ಅದಕ್ಕೆ ಐದು ಹಲ್ಲು. ಕಲ್ಲಿನ ಹತ್ತಿರ ಟಾರ್ಚ್ ಹಿಡಿದರೆ ಅದು ಕೆರೆದ ಕಡೆ ನಕ್ಷತ್ರದ ಆಕಾರದ ಪುಟ್ಟ ಬಿಳಿ ಗುರುತು ಕಾಣುತ್ತದೆ. ಒಂದೇ ತೊಂದರೆ, ಸಿಕ್ಕಿದ್ದನ್ನೆಲ್ಲ ಬೆನ್ನಿನ ಮೇಲೆ ಹೊತ್ತು ತಿರುಗುತ್ತದೆ. ನನ್ನ ಝೋವಾ ತುಂಡೊಂದು ಬೆಳಿಗ್ಗೆ ಈ ಮೂಲೆಯಲ್ಲಿದ್ದರೆ ಸಂಜೆ ಆ ಮೂಲೆಯಲ್ಲಿ. ಗಮ್ ಹಾಕಿ ಕೂರಿಸಿದ ಮೇಲೆ ನೆಮ್ಮದಿ.

ಅರ್ಚಿನ್ ಎಷ್ಟು ಮುಖ್ಯ ಅಂತ ನಿಜವಾದ ಸಮುದ್ರವೇ ತೋರಿಸಿದೆ. 1983-84ರಲ್ಲಿ ಕೆರಿಬಿಯನ್ ಸಮುದ್ರದಲ್ಲಿ ರೋಗ ಬಂದು ಉದ್ದ ಮುಳ್ಳಿನ ಕಪ್ಪು ಅರ್ಚಿನ್‌ಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಜಾಸ್ತಿ ಸತ್ತವು. ಜಮೈಕಾದಲ್ಲಿ ಪಾಚಿ ತಿನ್ನುವ ಮೀನುಗಳನ್ನು ಜನ ಮೊದಲೇ ಹಿಡಿದು ಮುಗಿಸಿದ್ದರು. ಅಲ್ಲಿನ ಹವಳದ ದಿಬ್ಬಗಳನ್ನು ಪಾಚಿ ಮುಚ್ಚಿಹಾಕಿತು.

ಆದರೆ ಅರ್ಚಿನ್ ತಿಂದದ್ದರಲ್ಲಿ ಬಹುಪಾಲು ಮತ್ತೆ ಟ್ಯಾಂಕಿಗೇ ಬೀಳುತ್ತದಲ್ವಾ? ಹೊರಗೆ ಹೋಗೋಕೆ ಒಂದು ದಾರಿ ಬೇಕು. ಅದಕ್ಕೆ ಟ್ಯಾಂಕಿನ ಕೆಳಗಿರುವ ಫಿಲ್ಟರ್ ತೊಟ್ಟಿಯಲ್ಲಿ (ಸಂಪ್) ಕೀಟೋ ಅನ್ನುವ ಪಾಚಿ ಬೆಳೆಸಿದೆ. ನೋಡೋಕೆ ಥೇಟ್ ಪಾತ್ರೆ ತಿಕ್ಕುವ ಹಸಿರು ನಾರಿನ ಉಂಡೆ. ಮೇಲಿನ ಟ್ಯಾಂಕಿನ ದೀಪ ಆರಿದ ಮೇಲೆ ಅದರ ದೀಪ ಹತ್ತುತ್ತದೆ. ಇದರಿಂದ ರಾತ್ರಿ ಪಿಎಚ್ ಬೀಳುವುದೂ ಕಮ್ಮಿ. ಉಂಡೆ ದೊಡ್ಡದಾದಾಗ ಅರ್ಧ ಕಿತ್ತು ಎಸೆದರೆ, ಅಷ್ಟು ನೈಟ್ರೇಟ್, ಫಾಸ್ಫೇಟ್ ಮನೆಯಿಂದಲೇ ಆಚೆ.

ಎಲ್ಲವನ್ನೂ ಸೊನ್ನೆಗೆ ಇಳಿಸುವ ಹಟಕ್ಕೆ ಮಾತ್ರ ಹೋಗಬೇಡಿ. ಫಾಸ್ಫೇಟ್ ಹೀರುವ ಜಿಎಫ್‌ಒ ಅನ್ನುವ ಕಬ್ಬಿಣದ ಆಕ್ಸೈಡಿನ ಕಾಳನ್ನು ಒಂದೇ ಸಲ ಜಾಸ್ತಿ ಹಾಕಿದರೆ ಹವಳ ಸೊರಗುತ್ತದೆ. ಕಲ್ಲು ತನ್ನೊಳಗೆ ಹಿಡಿದಿಟ್ಟ ಫಾಸ್ಫೇಟನ್ನು ನಿಧಾನಕ್ಕೆ ಬಿಡುವುದರಿಂದ ಅಂಕಿ ಮತ್ತೆ ಏರುತ್ತದೆ. ನೈಟ್ರೇಟ್, ಫಾಸ್ಫೇಟ್ ಎರಡೂ ಸೊನ್ನೆಯಾದ ಟ್ಯಾಂಕಿನಲ್ಲಿ ಡೈನೋ ಬರುವ ಅಪಾಯ ಜಾಸ್ತಿ. ಗುಳ್ಳೆ ಕಟ್ಟಿಕೊಂಡ ಕಂದು ಲೋಳೆ ಅದು. ಅದರ ಮುಂದೆ ಕೂದಲು ಪಾಚಿಯೇ ವಾಸಿ. ನಾನು ನೈಟ್ರೇಟ್ 5ರಿಂದ 10 ಪಿಪಿಎಂ (ಹತ್ತು ಲಕ್ಷಕ್ಕೆ ಇಷ್ಟು ಪಾಲು), ಫಾಸ್ಫೇಟ್ 0.05ರಿಂದ 0.1 ಇರಲಿ ಅಂತ ನೋಡಿಕೊಳ್ಳುತ್ತೇನೆ. ನಿಮ್ಮ ಡಿಜಿಟಲ್ ಮೀಟರ್ ಫಾಸ್ಫರಸ್ ಅನ್ನು ಪಿಪಿಬಿಯಲ್ಲಿ (ನೂರು ಕೋಟಿಗೆ ಇಷ್ಟು ಪಾಲು) ತೋರಿಸುತ್ತಿದ್ದರೆ ಅದನ್ನು 3.066ರಿಂದ ಗುಣಿಸಿ ಸಾವಿರದಿಂದ ಭಾಗಿಸಿ. 20 ಬಂದರೆ ಫಾಸ್ಫೇಟ್ ಸುಮಾರು 0.06.

ಕಿತ್ತ ಎಳೆಯನ್ನು ಒಮ್ಮೆ ನೀರಿನಲ್ಲಿ ಹರಡಿ ನೋಡಿ. ಬರೀ ಕೂದಲಿನ ಹಾಗಿರದೆ ಎರಡೂ ಕಡೆ ಗರಿ ಇದ್ದರೆ ಅದು ಬ್ರಯಾಪ್ಸಿಸ್ ಅನ್ನುವ ಬೇರೆ ಪಾಚಿ. ಅದನ್ನು ಹೆಚ್ಚಿನ ಪ್ರಾಣಿಗಳು ಮುಟ್ಟುವುದಿಲ್ಲ. ಅದಕ್ಕಾದರೆ ಫ್ಲುಕೊನಜೋಲ್ ಅನ್ನುವ ಶಿಲೀಂಧ್ರದ ಔಷಧಿ ಬಳಸುವವರಿದ್ದಾರೆ, ಕೆಲಸವೂ ಮಾಡುತ್ತದೆ. ಆದರೂ ಮೊದಲು ಕೈಯಲ್ಲಿ ಕಿತ್ತು ಕಮ್ಮಿ ಮಾಡಿಕೊಳ್ಳಿ, ಇಲ್ಲದಿದ್ದರೆ ಸತ್ತ ಪಾಚಿಯೆಲ್ಲ ಅಲ್ಲೇ ಕೊಳೆಯುತ್ತದೆ.

ಕಲ್ಲು ಚೊಕ್ಕಟವಾದ ಮೇಲೆ ಅರ್ಚಿನ್‌ಗೆ ಊಟ ಸಾಲದಾಯಿತು. ಹಿಂದಿನ ಗಾಜನ್ನು ಉಜ್ಜದೆ ಅದಕ್ಕೇ ಬಿಟ್ಟಿದ್ದೇನೆ. ಅದೂ ಸಾಲದಾದಾಗ ಉಪ್ಪು, ಎಣ್ಣೆ, ಮಸಾಲೆ ಏನೂ ಹಾಕದ ನೋರಿ (ಒಣಗಿಸಿದ ಸಮುದ್ರ ಪಾಚಿ) ಹಾಳೆಯ ಒಂದು ತುಂಡನ್ನು ಅದರ ಮುಳ್ಳಿಗೆ ಸಿಕ್ಕಿಸುತ್ತೇನೆ.