ಹಿನ್ನೀರಿನ ದೋಣಿಗೆ ಲೈಫ್ ರಿಂಗ್ ಕಟ್ಟಿದ ಬಗೆ

ಸಿಗಂದೂರಿನ ಸೇತುವೆ 2025ರ ಜುಲೈನಲ್ಲಿ ಓಡಾಟಕ್ಕೆ ತೆರೆಯಿತು. ಇನ್ನು ದೋಣಿಯ ಕಾಲ ಮುಗಿಯಿತು ಅನ್ನುವವರೂ ಇದ್ದಾರೆ. ಆದರೆ ಶರಾವತಿ ಹಿನ್ನೀರು ಕೈಚಾಚಿದ ಮೂಲೆಮೂಲೆಯಲ್ಲಿ ಸಣ್ಣ ದೋಣಿಗಳು ಇನ್ನೂ ಇವೆ. ಆಚೆ ದಡದ ತೋಟಕ್ಕೆ ಹೋಗಬೇಕು, ಬಲೆ ಬಿಡಬೇಕು, ಗೊಬ್ಬರದ ಚೀಲ ದಾಟಿಸಬೇಕು. ನನ್ನದೂ ಅಂಥದ್ದೇ ಫೈಬರ್ ದೋಣಿ, ಹಿಂದೊಂದು ಸಣ್ಣ ಎಂಜಿನ್.

ಇಲ್ಲಿ ನನಗೆ ಅಲೆಗಿಂತ ಜಾಸ್ತಿ ಭಯ ಮರದ ಬೊಡ್ಡೆಗಳದ್ದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದಾಗ ಮುಳುಗಿದ ಕಾಡಿನ ಬುಡಗಳು ಈಗಲೂ ನೀರೊಳಗೆ ನಿಂತಿವೆ. ಬೇಸಿಗೆಯಲ್ಲಿ ನೀರು ಇಳಿದಾಗ ಗೇಣುದ್ದ ಕೆಳಗೇ ಇರುತ್ತವೆ, ಕಣ್ಣಿಗೆ ಬೀಳುವುದಿಲ್ಲ. ದೋಣಿ ತಗುಲಿ ಗಕ್ಕನೆ ನಿಂತರೆ ಎದ್ದು ನಿಂತವರು ಸೀದಾ ನೀರಿಗೆ.

ಲೈಫ್ ಜಾಕೆಟ್ ಎಲ್ಲರ ಮೈಮೇಲೂ ಇರಲೇಬೇಕು. ಲೈಫ್ ರಿಂಗ್, ಅಂದರೆ ನೀರಿಗೆ ಬಿದ್ದವರತ್ತ ಎಸೆಯುವ ತೇಲುವ ಚಕ್ರ, ಅದರ ಬದಲಿಗಲ್ಲ. ಬಿದ್ದವರನ್ನು ದೋಣಿಯ ಹತ್ತಿರ ಎಳೆದು ತರುವುದು ರಿಂಗಿನ ಕೆಲಸ. ಹಾಗಾಗಿ ನಾನು ರಿಂಗಿಗಿಂತ ಹಗ್ಗದ ಬಗ್ಗೆಯೇ ಹೆಚ್ಚು ತಲೆ ಕೆಡಿಸಿಕೊಂಡೆ.

ರಿಂಗ್ ಕೊಳ್ಳುವಾಗ ಹಡಗಿನವರ ಅಳತೆಯನ್ನೇ ಹಿಡಿದೆ. ಹೊರ ಅಗಲ 80 ಸೆಂ.ಮೀ. ದಾಟಬಾರದು, ಒಳಗಿನ ತೂತು 40 ಸೆಂ.ಮೀ.ಗಿಂತ ಕಡಿಮೆ ಇರಬಾರದು, ತೂಕ ಕನಿಷ್ಠ ಎರಡೂವರೆ ಕೆ.ಜಿ. ತೀರಾ ಹಗುರದ್ದು ಎಸೆದರೆ ಗಾಳಿ ಎತ್ತಲೋ ಒಯ್ಯುತ್ತದೆ. ತಂದ ದಿನವೇ ತೂಗಿ, ತೂಕವನ್ನು ಅದರ ಮೇಲೇ ಪೇಂಟಿನಲ್ಲಿ ಬರೆದೆ. ಮಳೆಗಾಲ ಮುಗಿದ ಮೇಲೆ ಒಣಗಿಸಿ ಮತ್ತೆ ತೂಗುತ್ತೇನೆ. ತೂಕ ಏರಿದ್ದರೆ ಎಲ್ಲೋ ಬಿರುಕು ಬಿಟ್ಟು ಒಳಗಿನ ಫೋಮ್ ನೀರು ಕುಡಿದಿದೆ ಅಂತಲೇ ಲೆಕ್ಕ.

ಹಗ್ಗಕ್ಕೆ ನೈಲಾನ್ ಬೇಡ, ಅದು ಮುಳುಗುತ್ತದೆ. ಪಾಲಿಪ್ರೊಪಿಲೀನ್ ತೇಲುತ್ತದೆ. 8 ಮಿ.ಮೀ. ದಪ್ಪದ್ದು 30 ಮೀಟರ್ ತಂದೆ. ಒಂದು ತುದಿಯನ್ನು ರಿಂಗಿಗೆ ಬೋಲೈನ್ ಗಂಟು ಹಾಕಿ ಕಟ್ಟಿದೆ. ಎಷ್ಟು ಎಳೆದರೂ ಈ ಗಂಟಿನ ಕುಣಿಕೆ ಬಿಗಿಯುವುದಿಲ್ಲ, ಸಡಿಲವಾಗುವುದೂ ಇಲ್ಲ. ಇನ್ನೊಂದು ತುದಿ ದೋಣಿಯ ಬಳೆಗೆ. ಉಳಿದದ್ದನ್ನು ಸಿಂಬಿ ಸುತ್ತಿ ಇಡಬೇಡಿ, ಎಸೆದಾಗ ಸಿಕ್ಕಾಗುತ್ತದೆ. ರಿಂಗಿನ ಪಕ್ಕ ಒಂದು ಬಲೆಚೀಲ ಕಟ್ಟಿ, ದೋಣಿಯ ಕಡೆಯ ತುದಿಯಿಂದ ಶುರುಮಾಡಿ ಸುಮ್ನೆ ಮೊಳ ಮೊಳವಾಗಿ ತುರುಕಬೇಕು. ಎಸೆದಾಗ ತಾನೇ ಬಿಚ್ಚಿಕೊಂಡು ಹೋಗುತ್ತದೆ. ಈ ಹಗ್ಗಕ್ಕೆ ಬಿಸಿಲು ಆಗದು. ಬೆರಳಲ್ಲಿ ತಿಕ್ಕಿದಾಗ ಪುಡಿ ಉದುರಿದರೆ ಬದಲಿಸುವ ಹೊತ್ತಾಯಿತು.

ರಿಂಗನ್ನು ಹಿಂಬದಿಯಲ್ಲಿ, ನನ್ನ ಕೈಗೆಟಕುವ ಕಡೆ, ಎರಡು ಪಿವಿಸಿ ಕೊಕ್ಕೆಗೆ ನೇತುಹಾಕಿದ್ದೇನೆ. ಕಟ್ಟಿಲ್ಲ, ಎತ್ತಿದರೆ ಬರಬೇಕು. ಕಳ್ಳರ ಭಯಕ್ಕೆ ತಂತಿ ಬಿಗಿದ ರಿಂಗ್‌ಗಳನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ. ಅದು ಇದ್ದೂ ಇಲ್ಲದ ಹಾಗೆ, ಅಲ್ವಾ? ಬೇಕಿದ್ದರೆ ರಾತ್ರಿ ಮನೆಗೆ ಹೊತ್ತುಕೊಂಡು ಹೋಗಿ, ಆದರೆ ತಂತಿ ಬಿಗಿದು ಕಟ್ಟಬೇಡಿ.

ಯಾರಾದರೂ ಬಿದ್ದರೆ ಮೊದಲು ದೋಣಿಯ ಮೂತಿಯನ್ನು ಅವರ ಕಡೆಗೇ ತಿರುಗಿಸಬೇಕು. ಆಗ ಹಿಂಭಾಗದ ಪ್ರೊಪೆಲ್ಲರ್ ಅವರಿಂದ ದೂರ ಸರಿಯುತ್ತದೆ. ಕೂಡಲೇ ಎಂಜಿನ್ ನ್ಯೂಟ್ರಲ್. ಒಬ್ಬರು ಬಿದ್ದವರತ್ತ ಬೆರಳು ತೋರಿಸುತ್ತಲೇ ಇರಬೇಕು, ಕಣ್ಣು ಕದಲಿಸಬಾರದು. ಮಳೆಯಲ್ಲಿ ಒಂದು ತಲೆ ಎಷ್ಟು ಬೇಗ ಕಾಣದಾಗುತ್ತದೆ ಅನ್ನುವುದು ಹಿನ್ನೀರಿನವರಿಗೆ ಗೊತ್ತು.

ರಿಂಗನ್ನು ತಲೆಗೆ ಗುರಿಯಿಟ್ಟು ಎಸೆಯಬಾರದು. ಎರಡೂವರೆ ಕೆ.ಜಿ. ಬಡಿದರೆ ಪ್ರಜ್ಞೆಯೇ ತಪ್ಪೀತು. ಕೈ ಕೆಳಗಿನಿಂದ ಬೀಸಿ, ಅವರನ್ನು ದಾಟಿ ಬೀಳುವಂತೆ, ಗಾಳಿ ಬರುವ ದಿಕ್ಕಿಗೆ ತುಸು ಸರಿಸಿ ಎಸೆಯುತ್ತೇನೆ. ಆಮೇಲೆ ಹಗ್ಗವನ್ನು ಮೆಲ್ಲಗೆ ಎಳೆದರೆ ರಿಂಗ್ ಅವರ ಕೈಗೇ ಬರುತ್ತದೆ. ರಿಂಗಿನ ಮೇಲೆ ಹಾರಿ ಏರಲು ಹೋಗಬಾರದು ಎಂದು ದೋಣಿ ಹತ್ತುವವರಿಗೆಲ್ಲ ಮೊದಲೇ ಹೇಳಿರುತ್ತೇನೆ. ಎರಡೂ ಕೈಯಿಂದ ಹತ್ತಿರದ ಅಂಚನ್ನು ಕೆಳಕ್ಕೆ ಒತ್ತಿದರೆ ಆಚೆ ಅಂಚು ಎದ್ದು ತಲೆಯ ಮೇಲಿಂದ ಬೀಳುತ್ತದೆ. ಕೈಗಳನ್ನು ರಿಂಗಿನ ಮೇಲೆ ಹಾಕಿಕೊಂಡರೆ ಸಾಕು. ಆಗದಿದ್ದರೆ ರಿಂಗಿನ ಅಂಚಿಗೆ ಸುತ್ತ ಕಟ್ಟಿರುವ ಹಗ್ಗ ಹಿಡಿದುಕೊಂಡರೂ ಆಯಿತು.

ಮೇಲೆತ್ತುವುದೇ ಕಷ್ಟದ ಕೆಲಸ. ಗಂಬೂಟಿನಲ್ಲಿ ನೀರು ತುಂಬಿರುತ್ತದೆ, ಕಂಬಳಿ ನೆನೆದು ಭಾರವಾಗಿರುತ್ತದೆ. ಪಕ್ಕದಿಂದ ಎಳೆದರೆ ಸಣ್ಣ ದೋಣಿ ಮಗುಚಬಹುದು. ನಾನು ಎಂಜಿನ್ ಪೂರ್ತಿ ಬಂದ್ ಮಾಡಿ ಹಿಂದಿನಿಂದ ಹತ್ತಿಸುತ್ತೇನೆ. ಅದಕ್ಕೆಂದೇ ಅಲ್ಲೊಂದು ದಪ್ಪ ಹಗ್ಗದ ಕುಣಿಕೆ ನೀರೊಳಗೆ ಮೊಣಕಾಲುದ್ದ ಇಳಿಯುವಂತೆ ಕಟ್ಟಿ, ಮಡಚಿ ಇಟ್ಟಿದ್ದೇನೆ. ಅದರಲ್ಲಿ ಕಾಲಿಟ್ಟರೆ ಅವರೇ ಅರ್ಧ ಮೇಲೆ ಬರುತ್ತಾರೆ.